ನಲವತ್ತನೆಯ ವಾಕ್ಯ

ನನ್ನದೊಂದು ಸಣ್ಣ ಚಿಂತೆ. ಡೈರಿಗಲ್ಲದೆ ಬೇರೆ ಯಾರಿಗೂ ಹೇಳಿಲ್ಲ. ಎಂಟು ತಿಂಗಳಾದರೂ ಗಿಳಿಗೆ ನನ್ನ ದನಿಯ ಗುರುತಾಗಿಲ್ಲ. ಮೂವತ್ತೊಂಬತ್ತು ವಾಕ್ಯ ಹೇಳಿಯಾಗಿದೆ, ಒಂದೇ ಒಂದು ಉಳಿದಿದೆ. ಪ್ರತಿ ಸಂಜೆ ಡೈರಿಯ ಕೊನೆಯ ಸಾಲಿನಲ್ಲಿ ‘ನಾಳೆ ಹೇಳುತ್ತೇನೆ’ ಎಂದು ಬರೆದು ಮುಚ್ಚಿಡುತ್ತೇನೆ. ಮೊನ್ನೆ ಹಿಂದಿನ ಪುಟಗಳನ್ನು ತಿರುವಿದರೆ ನನಗೇ ನಾಚಿಕೆಯಾಯಿತು.

ನಮ್ಮೂರಿನ ನಡುವೆ ಒಂದು ಹೊಳೆ. ಆಚೆದಡದವರ ಮಾತು ಬೇರೆ, ಈಚೆದಡದ ನಮ್ಮ ಮಾತು ಬೇರೆ. ಕಲಿತರಾಯಿತಲ್ಲ ಎಂದು ಹೊರಗಿನಿಂದ ಬಂದವರು ಕೇಳುತ್ತಾರೆ. ಕಲಿಯುತ್ತೇವೆ. ಹಗಲೆಲ್ಲ ಕೂತು ಕಲಿತರೆ ಸಂಜೆಯ ಹೊತ್ತಿಗೆ ಆಚೆದಡದ ಮಾತಲ್ಲಿ ತರಕಾರಿ ಚೌಕಾಸಿ ಮಾಡುವಷ್ಟು ಬರುತ್ತದೆ. ಒಂದು ನಿದ್ದೆ ತೆಗೆದು ಎದ್ದರೆ ಒಂದಕ್ಷರವೂ ನಾಲಿಗೆಯ ಮೇಲಿರುವುದಿಲ್ಲ. ಮಧ್ಯಾಹ್ನ ಊಟವಾಗಿ ತೂಕಡಿಸಿದರೂ ಅರ್ಧ ಹೋಗಿರುತ್ತದೆ. ನಮ್ಮಜ್ಜ ಒಂದೇ ಒಂದು ಪದವನ್ನಾದರೂ ಉಳಿಸಿಕೊಳ್ಳಬೇಕೆಂದು ಮೂರು ದಿನ ನಿದ್ದೆಗೆಟ್ಟು ಕೂತಿದ್ದನಂತೆ. ನಾಲ್ಕನೆಯ ದಿನ ಮಲಗಿ ಎದ್ದವನು, ಪದ ಹೋದದ್ದಿರಲಿ, ಯಾಕೆ ಅಷ್ಟು ದಿನ ಎಚ್ಚರವಿದ್ದೆ ಎಂಬುದನ್ನೂ ಮರೆತಿದ್ದನಂತೆ.

ಹಾಗಾಗಿ ನಮ್ಮೂರಲ್ಲಿ ಎಲ್ಲರ ಕೊರಳಲ್ಲೂ ಒಂದು ಆಟದ ಡಬ್ಬಿ ತೂಗಾಡುತ್ತಿರುತ್ತದೆ. ಅಂಗೈಯಗಲದ್ದು. ಒಂದು ಸಣ್ಣ ಪರದೆ, ಮೂರು ಗುಂಡಿ, ಮೇಲಿಂದ ಇಟ್ಟಿಗೆ ಬೀಳುತ್ತ ಹೋಗುವ ಆಟ. ಡಬ್ಬಿಯ ನೆತ್ತಿಗೆ ಸಿಕ್ಕಿಸುವ ಹಸಿರು ತುಂಡಿಗೆ ನಾವು ಗಿಳಿ ಎನ್ನುತ್ತೇವೆ. ಆಚೆಯವರ ಮಾತು ಕೇಳಿಸಿಕೊಂಡು ನಮ್ಮ ಮಾತಲ್ಲಿ ಹೇಳುವುದು, ನಮ್ಮದನ್ನು ಕೇಳಿಸಿಕೊಂಡು ಅವರ ಮಾತಲ್ಲಿ ಹೇಳುವುದು ಅದರ ಕೆಲಸ. ಆದರೆ ಆಟ ನಡೆಯುತ್ತಿರುವಷ್ಟು ಹೊತ್ತು ಮಾತ್ರ. ಇಟ್ಟಿಗೆಯ ಗೋಡೆ ಪರದೆಯ ತುದಿ ಮುಟ್ಟಿ ಆಟ ಬಿತ್ತೆಂದರೆ ಗಿಳಿಯ ಬಾಯಿಯೂ ಬಂದ್. ಈ ಏರ್ಪಾಡಿಗೆ ಊರು ಒಗ್ಗಿಹೋಗಿದೆ. ಸೊಪ್ಪಿನವಳು ಒಂದು ಕೈಯಲ್ಲಿ ಕಟ್ಟು ಹಿಡಿದು ಇನ್ನೊಂದು ಕೈಯಲ್ಲಿ ಇಟ್ಟಿಗೆ ಜೋಡಿಸುತ್ತಲೇ ಬೆಲೆ ಹೇಳುತ್ತಾಳೆ. ಸಾವಿನ ಮನೆಗೆ ಹೋದವರು ತಲೆ ತಗ್ಗಿಸಿ ಆಡುತ್ತಾರೆ, ನೋಡುವವರಿಗೆ ದುಃಖದಲ್ಲಿ ತಲೆ ತಗ್ಗಿಸಿದ ಹಾಗೇ ಕಾಣುತ್ತದೆ. ಜಗಳಕ್ಕೆ ನಿಂತವರು ಸಿಟ್ಟಿನಲ್ಲಿ ತಪ್ಪು ಗುಂಡಿ ಒತ್ತುವುದರಿಂದ, ಒಂದು ದಡದ ಬೈಗುಳ ಇನ್ನೊಂದು ದಡಕ್ಕೆ ಪೂರ್ತಿ ದಾಟಿದ್ದು ಅಪರೂಪ.

ಮದುವೆ ಮಾತುಕತೆ, ಆಸ್ತಿಯ ಪಾಲು, ರಾಜಿ ಇಂಥ ದೊಡ್ಡ ಸಂಗತಿಗಳಿಗೆ ಮಾತ್ರ ಮಾತಾಡುವವರೇ ಆಡುತ್ತ ಕೂರುವಂತಿಲ್ಲ. ಅದಕ್ಕೆಂದೇ ಆಟ ಹಿಡಿಯುವವರು ಇರುತ್ತಾರೆ. ಸೇತುವೆಯ ನಡುಮಧ್ಯದ ಕಲ್ಲುಕಟ್ಟೆಯ ಮೇಲೆ, ಎರಡೂ ಕಡೆಯವರ ನಡುವೆ ಕೂತು ಆಡುತ್ತಲೇ ಇರಬೇಕು. ಆಟ ಹಿಡಿದವರು ಬಾಯಿ ಬಿಡಬಾರದು, ಕೇಳಿದ್ದನ್ನು ಮನೆಗೆ ಒಯ್ಯಬಾರದು. ನಾನು ಈ ಕೆಲಸಕ್ಕೆ ಸೇರಿದ್ದೇ ಆ ಮೊದಲನೆಯ ನಿಯಮಕ್ಕಾಗಿ. ಕಾಲೇಜಿನಲ್ಲಿ ಹಾಜರಿ ಕೂಗಿದಾಗ ‘ಎಸ್ ಸಾರ್’ ಎನ್ನಲಾಗದೆ ಕೈ ಎತ್ತುತ್ತಿದ್ದವಳು ನಾನು. ಕೈಬೆರಳಿಗೆ ಮಾತ್ರ ಸಂಕೋಚವೆಂಬುದಿಲ್ಲ. ಎಂಟು ತಿಂಗಳಲ್ಲಿ ಒಮ್ಮೆಯೂ ನನ್ನ ಆಟ ಬಿದ್ದಿರಲಿಲ್ಲ.

“ಮೂರು ವರ್ಷ ಬಿ.ಎ. ಓದ್ಸಿದ್ದು ಇಟ್ಟಿಗೆ ಜೋಡ್ಸೋದಕ್ಕಾ?” ಎಂದು ಅಮ್ಮ ಆಗಾಗ ಕೇಳುತ್ತಾಳೆ. “ಗಾರೆ ಕೆಲಸದೋರಿಗಾದ್ರೂ ಸಂಜೆ ಹೊತ್ತಿಗೆ ಒಂದು ಗೋಡೆ ಕಾಣ್ಸುತ್ತೆ ಕಣೇ. ನಿಂಗೇನು ಕಾಣ್ಸುತ್ತೆ?”

ನನಗೆ ಭಾನಕ್ಕ ಕಾಣಿಸುತ್ತಾಳೆ. ಅಮ್ಮನಿಗೆ ಅದನ್ನು ಹೇಗೆ ಹೇಳುವುದು!

ಭಾನಕ್ಕ, ಅಂದರೆ ಭಾನುಮತಿ, ಆಚೆದಡದವಳು. ಸೇತುವೆಯ ನಮ್ಮ ತುದಿಯಲ್ಲಿ ಹತ್ತೊಂಬತ್ತು ವರ್ಷದಿಂದ ಗಿಳಿ ಮಾಡುವ, ರಿಪೇರಿ ಮಾಡುವ ಅಂಗಡಿ ಇಟ್ಟಿದ್ದಾಳೆ. ಕಟ್ಟೆಯಿಂದ ಕರೆ ಇಲ್ಲದಾಗ ನಾನಿರುವುದು ಅಲ್ಲೇ. ಅವಳ ಕೈಯಿಂದ ಹೊರಬಿದ್ದ ಪ್ರತಿ ಗಿಳಿಯ ಬೆನ್ನಿನ ಮೇಲೂ ಅರಗಿನಲ್ಲಿ ಒತ್ತಿದ ಎಲೆಯ ಮೊಹರು ಇರುತ್ತದೆ. ಬಲಗೈಯಲ್ಲಿ ಕಾದ ಕಡ್ಡಿ ಹಿಡಿದು ಕೂದಲೆಳೆಯಂಥ ತಂತಿಗೆ ಬೆಸುಗೆ ಹಾಕುತ್ತ, ಎಡಗೈ ಹೆಬ್ಬೆರಳಲ್ಲಿ ಮೇಜಿನ ಮೇಲಿನ ಡಬ್ಬಿಯ ಆಟ ಆಡುತ್ತ, ನನ್ನೊಂದಿಗೆ ಮಾತಾಡುತ್ತಾಳೆ. ಮೂರೂ ಕೆಲಸ ಒಟ್ಟಿಗೆ ನಡೆಯುತ್ತವೆ, ಯಾವುದರಲ್ಲೂ ಅವಸರವಿಲ್ಲ. ಹೊಸ ಗಿಳಿಯನ್ನು ಕೆನ್ನೆಗೆ ಒತ್ತಿಕೊಂಡು ಅದರ ಬಿಸಿ ನೋಡುತ್ತಾಳೆ, ಜ್ವರ ಬಂದ ಮಗುವಿನ ಹಣೆ ನೋಡುವ ಹಾಗೆ. ಅವಳು ಹೇಳಿದ್ದು ಗಿಳಿಯ ಮೂಲಕ ನನಗೆ ತಿಳಿಯುತ್ತದೆ. ನನ್ನ ದನಿ ಗಿಳಿಗೆ ಗೊತ್ತಿಲ್ಲದ್ದರಿಂದ ನಾನು ಹೇಳಿದ್ದು ಅವಳಿಗೆ ತಿಳಿಯುವುದಿಲ್ಲ. ತಲೆಯಾಡಿಸುತ್ತೇನೆ, ನಗುತ್ತೇನೆ, ಚಹಾ ತಂದಿಡುತ್ತೇನೆ.

“ಎಂಟು ತಿಂಗಳಿಂದ ಒಬ್ಬಳೇ ಮಾತಾಡ್ತಿದೀನಿ ಕಣಮ್ಮ,” ಎಂದಳು ಒಂದು ದಿನ. “ಹೋಗೋರು ಬರೋರು ನನಗೆ ತಲೆ ಕೆಟ್ಟಿದೆ ಅಂದ್ಕೊಂಡಿದಾರೆ.”

ಗಿಳಿಗೆ ದನಿ ಕಲಿಸಲು ಅವಳೇ ನಮ್ಮ ಮಾತಲ್ಲಿ ಬರೆಸಿಟ್ಟ ಒಂದು ರಟ್ಟು ಇದೆ. ‘ಹಾಲು ಉಕ್ಕಿತು ನೋಡು.’ ‘ಛತ್ರಿ ಎಲ್ಲಿಟ್ಟೆ?’ ‘ಅವನು ಬಂದರೆ ನಾನಿಲ್ಲ ಅನ್ನು.’ ಹೀಗೆ ಮೂವತ್ತೊಂಬತ್ತು ವಾಕ್ಯ. ನಲವತ್ತನೆಯ ಜಾಗ ಖಾಲಿ. ಅದು ಹೇಳುವವರ ಸ್ವಂತದ್ದಾಗಿರಬೇಕು, ನಿಜವಾಗಿರಬೇಕು. “ಓದೋವಾಗ ಇರೋ ದನಿ ಬೇರೆ, ನಿಜ ಹೇಳೋವಾಗ ಬರೋ ದನಿ ಬೇರೆ,” ಎನ್ನುತ್ತಾಳೆ ಭಾನಕ್ಕ. “ಎರಡನ್ನೂ ಕೇಳಿಸ್ಕೊಂಡ್ರೇನೇ ಗಿಳಿಗೆ ಮನುಷ್ಯರ ಗುರುತು ಹತ್ತೋದು.” ಗುರುತು ಹತ್ತಿದರೆ ಗಿಳಿಯ ಕೆಂಪು ಕಣ್ಣು ಹಸಿರಾಗುತ್ತದೆ. ಒಂದು ಗಿಳಿಗೆ ಗುರುತಾದ ದನಿ ಊರಿನ ಎಲ್ಲ ಗಿಳಿಗಳಿಗೂ ಗುರುತಾಗುತ್ತದೆ. ಜನ ಬಂದು ‘ನನಗೆ ಬೆಂಡೆಕಾಯಿ ಆಗಲ್ಲ’ ಎಂದೋ ‘ನನ್ನ ತಮ್ಮನ ಕಂಡರೆ ನನಗೆ ಹೊಟ್ಟೆಕಿಚ್ಚು’ ಎಂದೋ ಹೇಳಿ, ಕಣ್ಣು ಹಸಿರಾದದ್ದು ನೋಡಿ, ಹಗುರಾಗಿ ಎದ್ದು ಹೋಗುತ್ತಾರೆ. ನಾನು ‘ನನಗೆ ಮಳೆ ಇಷ್ಟ’ ಎಂದೆ. ಕೆಂಪು. ‘ನನಗೆ ಜನ ಸೇರಿದಲ್ಲಿ ಭಯ’ ಎಂದೆ. ಅದು ನಿಜವೇ ಆಗಿತ್ತು, ಆದರೆ ಹೇಳಿದ ದನಿ ನನ್ನ ಕುತ್ತಿಗೆಯನ್ನೇ ದಾಟಿರಲಿಲ್ಲ. ಕೆಂಪು. ಭಾನಕ್ಕ ಬೈಯಲಿಲ್ಲ. ರಟ್ಟನ್ನು ಗೋಡೆಯ ಮೊಳೆಗೆ ತೂಗುಹಾಕಿ, “ಅದು ಎಲ್ಲಿಗೂ ಓಡಿಹೋಗಲ್ಲ,” ಎಂದಳು.

ಭಾನಕ್ಕ ಎಂಥವಳು ಎಂಬುದು ನನಗೆ ಪೂರ್ತಿ ತಿಳಿದದ್ದು ಇಳಾ ಬಂದಾಗ. ಇಳಾ ಆಚೆದಡದ ಹುಡುಗಿ, ನನ್ನದೇ ವಯಸ್ಸು. ಅವಳಿಗೆ ಮಾತು ತಡವರಿಸುತ್ತದೆ. ಒಂದು ಪದದ ಬಾಗಿಲಲ್ಲಿ ನಿಂತು, ಮತ್ತೆ ಮತ್ತೆ ತಟ್ಟಿ, ಒಳಗೆ ಹೋಗುತ್ತಾಳೆ. ದನಿ ನಿಂತಿತೆಂದರೆ ವಾಕ್ಯ ಮುಗಿಯಿತೆಂದು ತಿಳಿಯುವುದು ಗಿಳಿಗಳ ಅಭ್ಯಾಸ. ಇಳಾಳ ಒಂದು ವಾಕ್ಯ ಅವುಗಳ ಬಾಯಲ್ಲಿ ಎಂಟು ಚೂರಾಗಿ ಬೀಳುತ್ತಿತ್ತು. ಹನ್ನೊಂದು ದಿನ ಭಾನಕ್ಕ ಬೇರೆ ಕೆಲಸ ಹಿಡಿಯಲಿಲ್ಲ. ಗಿಳಿಯ ಹೊಟ್ಟೆ ಬಿಚ್ಚುವುದು, ಮುಚ್ಚುವುದು, “ಇನ್ನೊಂದ್ಸಲ ಹೇಳು ಕಂದಾ, ನಿಧಾನ, ನನಗೇನೂ ಬೇರೆ ಬದುಕಿಲ್ಲ” ಎನ್ನುವುದು. ಹನ್ನೊಂದನೆಯ ದಿನ ಇಳಾ ತನ್ನ ನಲವತ್ತನೆಯ ವಾಕ್ಯ ಹೇಳಿದಳು. ಅದಕ್ಕೆ ಎಷ್ಟು ಹೊತ್ತು ಹಿಡಿಯಿತೆಂದರೆ ನಾನು ಹಿಡಿದಿದ್ದ ಲೋಟದ ಚಹಾ ಕೆನೆಗಟ್ಟಿತು. ಗಿಳಿ ಕಾಯಿತು. ಆಮೇಲೆ ಒಂದೇ ಉಸಿರಿನಲ್ಲಿ ನಮ್ಮ ಮಾತಲ್ಲಿ ಹೇಳಿತು: “ನನ್ನ ಹತ್ತಿರ ಹೇಳೋದು ತುಂಬಾ ಇದೆ.” ಅದರ ಕಣ್ಣು ಹಸಿರಾಯಿತು. ಅಂದಿನಿಂದ ಎಲೆಯ ಮೊಹರಿನ ಗಿಳಿಗಳೆಲ್ಲ ಇಳಾಳಿಗಾಗಿ ಕಾಯುತ್ತವೆ. ಬೇರೆಯವರು ಮಾಡಿದ ಗಿಳಿಗಳಿಗೆ ಅದು ಬರುವುದಿಲ್ಲ. ಯಂತ್ರಕ್ಕೆ ತಾಳ್ಮೆ ಕಲಿಸಿದವಳ ಜೊತೆ ನಾನು ಕೆಲಸ ಮಾಡುತ್ತೇನೆ ಎಂದು ಆ ಸಂಜೆ ಡೈರಿಯಲ್ಲಿ ಬರೆದೆ, ಕೆಳಗೆ ಎರಡು ಗೆರೆ ಎಳೆದೆ.

ಎರಡು ತಿಂಗಳ ನಂತರ ಇಳಾಳಿಗೆ ನಮ್ಮ ದಡದ ವಿಠಲನ ಸಂಬಂಧ ಕೂಡಿಬಂತು. ಕಟ್ಟೆಯ ಮೇಲೆ ಮಾತುಕತೆ, ಆಟ ಹಿಡಿದವಳು ನಾನು. ಒಂದು ಕಡೆ ಇಳಾ, ಅವಳ ಅಪ್ಪ. ಇನ್ನೊಂದು ಕಡೆ ವಿಠಲ, ಅವನ ಸೋದರಮಾವ ಚೌಡಪ್ಪ. ಚೌಡಪ್ಪನವರು ದೊಡ್ಡ ರುಮಾಲಿನ, ದೊಡ್ಡ ಗಂಟಲಿನ ಮನುಷ್ಯ. ಎಲ್ಲ ಚೆನ್ನಾಗಿಯೇ ನಡೆಯುತ್ತಿತ್ತು. ಇಳಾ ತಾನೇ ಒಂದು ಪ್ರಶ್ನೆ ಕೇಳಿದಳು. ನಿಂತು, ತಟ್ಟಿ, ನಿಂತು. ಗಿಳಿ ಕಾದು ಹೇಳಿತು: “ಬೆಳಿಗ್ಗೆ ಎದ್ದ ತಕ್ಷಣ ನಿಮಗೆ ಮಾತಾಡೋದು ಇಷ್ಟಾನಾ, ಸುಮ್ಮನಿರೋದು ಇಷ್ಟಾನಾ?”

“ಕಾಫಿ ಕುಡಿಯೋವರೆಗೂ ನಾನು ಸುಮ್ನೇನೇ,” ಎಂದ ವಿಠಲ. “ಆಮೇಲೆ ನಿಲ್ಸೋದೇ ಕಷ್ಟ.”

ಎರಡೂ ಕಡೆ ನಗು. ಇಳಾ ಸೆರಗಿನ ತುದಿ ಬಾಯಿಗೆ ಹಿಡಿದು ನಕ್ಕಳು.

ತಡವರಿಕೆಯನ್ನು ತಿಳಿಯಲು ಗಿಳಿ ಬೇಕಾಗಿಲ್ಲ, ಅದು ಯಾವ ಕಿವಿಗೂ ನೇರವಾಗಿ ಕೇಳುತ್ತದೆ. ಚೌಡಪ್ಪನವರು ಅಷ್ಟು ಹೊತ್ತೂ ಹುಬ್ಬು ಗಂಟಿಕ್ಕಿ ಕೂತಿದ್ದವರು ಈಗ ಮುಂದಕ್ಕೆ ಬಾಗಿದರು. “ಅಲ್ಲಾ ಸ್ವಾಮಿ, ನಾಲ್ಕು ಮಾತು ನೆಟ್ಟಗೆ ಉದುರ್ಸೋಕೆ ಬರ್ದೇ ಇರೋ ಹೆಣ್ಣನ್ನ, ಈ ಹಸಿರು ಬಿಲ್ಲೆ ಮರೇಲಿ ಕೂರ್ಸಿ, ನಮ್ಮ ಹುಡುಗನ ಕೊರಳಿಗೆ...”

ಮಾತು ಮುಗಿಯುವವರೆಗೆ ಗಿಳಿ ಬಾಯಿ ತೆರೆಯುವುದಿಲ್ಲ. ಮುಗಿಯಲು ಇನ್ನೆರಡು ಪದ ಬಾಕಿ ಇತ್ತು. ಇಳಾ ಇನ್ನೂ ನಗುತ್ತಲೇ ಗಿಳಿಯ ಕಡೆ ನೋಡುತ್ತಿದ್ದಳು, ಏನು ಹೇಳುತ್ತದೋ ಎಂದು. ನಾನು ಕೆಳಗಿನ ಗುಂಡಿ ಒತ್ತಿ ಹಿಡಿದೆ. ಇಟ್ಟಿಗೆಗಳು ನಟ್ಟನಡುವೆ ಒಂದರ ತಲೆಯ ಮೇಲೊಂದು ಕೂತು ತುದಿ ಮುಟ್ಟಿದವು. ಸೋಲಿನ ಟುಂಯ್ ಟುಂಯ್ ಸದ್ದು ಸೇತುವೆಯ ಮೇಲೆಲ್ಲ ಕೇಳಿಸಿತು. ಗಿಳಿ ಸುಮ್ಮನಾಯಿತು.

ನಮ್ಮೂರಲ್ಲಿ ಹೀಗೆ ದಾಟದೆ ಉಳಿದ ಮಾತಿಗೆ ನುಂಗಿದ ಮಾತು ಎನ್ನುತ್ತಾರೆ. ನುಂಗಿದ ಮಾತನ್ನು ಹೇಳಿದವರೇ ಮತ್ತೆ ಹಾಗೇ ಹೇಳಬೇಕು, ಅಲ್ಲಿಯವರೆಗೆ ಮಾತುಕತೆ ಮುಂದುವರಿಯುವಂತಿಲ್ಲ. ಇಳಾಳ ಅಪ್ಪ ತಮ್ಮ ಕೊರಳ ಡಬ್ಬಿಯನ್ನು ಎತ್ತಿ ಆಟ ಹೂಡಿದರು. “ಏನಂದಿರಿ, ಯಜಮಾನ್ರೇ?”

ಅಷ್ಟರಲ್ಲಿ ವಿಠಲ ಮಾವನ ತೋಳು ಹಿಡಿದಿದ್ದ. ಚೌಡಪ್ಪನವರು ರುಮಾಲು ಸರಿಮಾಡಿಕೊಂಡರು. “ಏನಿಲ್ಲ, ಬಿಸಿಲು ಜಾಸ್ತಿ ಅಂದೆ.”

“ಬಿಸಿಲು ಜಾಸ್ತಿ ಅನ್ನೋಕೆ ಇಷ್ಟುದ್ದ ಮಾತು ಬೇಕಾ?” ಎಂದು ಇಳಾಳ ಅಪ್ಪ ಎದ್ದು ನಿಂತರು.

ಮಾತುಕತೆ ಅಲ್ಲಿಗೆ ಮುರಿಯಿತು. ಸಂಜೆಯೊಳಗೆ ಚೌಡಪ್ಪನವರು ತಮ್ಮ ಮಾನ ಉಳಿಸಿಕೊಳ್ಳುವ ದಾರಿ ಹುಡುಕಿದ್ದರು. ತಾವು ಹೇಳಿದ್ದು ಬಿಸಿಲಿನ ಮಾತೇ, ಗಿಳಿ ಕೆಟ್ಟಿತ್ತು, ಭಾನುಮತಿಯ ಕೆಲಸ ಈಚೆಗೆ ಹಾಳಾಗಿದೆ ಎಂದು ಎರಡೂ ದಡದಲ್ಲಿ ಸಾರಿದರು. ಜನ ನಂಬಿದರು. ನಂಬಲು ಕಾರಣ ನಾನೇ. “ಕುಮುದಳ ಬೆರಳು ಜಾರೋದುಂಟೇನ್ರೀ? ಎಂಟು ತಿಂಗಳಿಂದ ಒಂದು ಇಟ್ಟಿಗೆ ಸೊಟ್ಟಗೆ ಬಿದ್ದಿಲ್ಲ. ಗಿಳಿಯೇ ಕೆಟ್ಟು ಆಟಾನೂ ಕೆಡವಿರ್ಬೇಕು,” ಎಂದರು. ಭಾನುವಾರ ಬೆಳಿಗ್ಗೆ ಕಟ್ಟೆಯ ಮೇಲೆ ತೀರ್ಮಾನ ಎಂದಾಯಿತು. ತಪ್ಪು ಗಿಳಿಯದೆಂದು ಗೊತ್ತಾದರೆ ಭಾನಕ್ಕನ ಮೊಹರು ಹೋಗುತ್ತದೆ. ಮೊಹರು ಹೋದರೆ ಹತ್ತೊಂಬತ್ತು ವರ್ಷದಲ್ಲಿ ಅವಳು ಮಾಡಿದ ಗಿಳಿಗಳನ್ನೆಲ್ಲ ಜನ ಬಿಚ್ಚಿ ಎಸೆಯುತ್ತಾರೆ.

ಆವತ್ತು ಕಟ್ಟೆಯಿಂದ ನಾನು ಡಬ್ಬಿ ವಾಪಸು ತಂದುಕೊಟ್ಟಾಗ ಪರದೆಯ ಮೇಲೆ ಬಿದ್ದ ಆಟ ಹಾಗೇ ನಿಂತಿತ್ತು. ಎಡಬಲ ಎರಡೂ ಕಡೆ ಖಾಲಿ, ನಡುವೆ ಮಾತ್ರ ಕಂಬದ ಹಾಗೆ ನೆಟ್ಟಗೆ ಇಟ್ಟಿಗೆ. ಆಟ ಬಾರದ ಮಗು ಕೂಡ ಹಾಗೆ ಸೋಲುವುದಿಲ್ಲ. ಭಾನಕ್ಕ ಅದನ್ನು ನೋಡಿದಳು. ನನ್ನನ್ನು ನೋಡಿದಳು. ಡಬ್ಬಿಯನ್ನು ಆರಿಸಿ, ಮೇಜಿನ ಮೇಲಿನ ತನ್ನ ಡಬ್ಬಿಯಲ್ಲಿ ಆಟ ಹೂಡಿ, “ಊಟ ಮಾಡಿದ್ಯಾ?” ಎಂದು ಕೇಳಿದಳು. ಅಷ್ಟೇ.

ಬೇಕೆಂದು ಆಟ ಬೀಳಿಸಿದವಳೆಂದು ಒಮ್ಮೆ ಹೆಸರಾದರೆ ಮತ್ತೆ ಯಾರೂ ಕಟ್ಟೆಗೆ ಕರೆಯುವುದಿಲ್ಲ. ಅದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು.

ಶುಕ್ರವಾರ ಇಳಾ ಅಂಗಡಿಗೆ ಬಂದಳು. ನಾನು ಆಟ ಹಿಡಿದೆ. ಅವಳು ಭಾನಕ್ಕನೊಂದಿಗೆ ತಮ್ಮ ಮಾತಲ್ಲಿ ಏನೋ ಹೇಳಿ, ಆಮೇಲೆ ನನ್ನ ಕಡೆ ತಿರುಗಿದಳು. ನಾವು ಮೂವರೂ, ಗಿಳಿಯೂ, ಕಾದೆವು. “ಮದುವೆ ವಿಷಯ ಬಿಡಿ, ಅದನ್ನ ನಾವು ನೋಡ್ಕೋತೀವಿ. ವಿಠಲ ನಿನ್ನೆ ಸೇತುವೆ ದಾಟಿ ಬಂದಿದ್ರು. ಪಾಪ, ಆಡೋಕೇ ಬರಲ್ಲ. ಎರಡು ನಿಮಿಷಕ್ಕೊಮ್ಮೆ ಬೀಳಿಸ್ತಾರೆ.” ನಕ್ಕಳು. ಮತ್ತೆ ನಿಂತಳು, ತಟ್ಟಿದಳು. “ಅವರ ಮಾವ ಏನಂದಿರ್ತಾರೆ ಅಂತ ನನಗೆ ಗೊತ್ತು. ಚಿಕ್ಕಂದಿನಿಂದ ಕೇಳಿದ್ದೇ. ಆ ಮಾತು ದಾಟಿದ್ರೆ ನಾನೇ ಉತ್ತರ ಕೊಡ್ತಿದ್ದೆ. ಹೊತ್ತು ಹಿಡೀತಿತ್ತು, ಆದ್ರೆ ಕೊಡ್ತಿದ್ದೆ. ಈಗ ನನ್ನ ಉತ್ತರ ಹಾಗೇ ಉಳೀತು, ಅಕ್ಕನ ಮೊಹರು ಹೋಗೋ ಹಾಗಾಯ್ತು.”

ಅವಳನ್ನು ಕಾಪಾಡಿದೆ ಎಂದುಕೊಂಡಿದ್ದೆ. ಅವಳ ಬಾಯಿಂದ ಒಂದು ಉತ್ತರವನ್ನು ನಾನು ಕಿತ್ತುಕೊಂಡಿದ್ದೆ. ಅದನ್ನು ಹೇಳಲು ನನಗೆ ಗಿಳಿಯೂ ಇರಲಿಲ್ಲ. ಗೋಡೆಯ ರಟ್ಟಿನಲ್ಲಿ ನಲವತ್ತನೆಯ ಜಾಗ ಖಾಲಿ ಇತ್ತು. ಆ ಸಂಜೆ ಡೈರಿಯಲ್ಲಿ ‘ನಾಳೆ’ ಎಂದು ಬರೆಯಲು ಕೈ ಬರಲಿಲ್ಲ.

ಭಾನುವಾರ ಕಟ್ಟೆಯ ಸುತ್ತ ಎರಡೂ ದಡದ ಜನ. ತೀರ್ಮಾನ ಹೇಳುವವಳು ಪಾರೋತಜ್ಜಿ. ಎಂಬತ್ತು ದಾಟಿದವಳು, ಎಲೆಯಡಿಕೆ ಕುಟ್ಟುತ್ತಲೇ ಇಡೀ ರಾಮನವಮಿ ಹಗಲು ಆಟ ಬೀಳಿಸದೆ ಹರಟಿದವಳು ಎಂದು ಊರೆಲ್ಲ ಗೌರವ. “ಅದೇ ಗಿಳಿ, ಅದೇ ಹುಡುಗಿ, ಅದೇ ಜಾಗ,” ಎಂದಳು. “ಆಡು ಮಗಾ, ನೋಡಣ.”

ನಾನು ಕೂತು ಆಟ ಹೂಡಿದೆ. ಚೌಡಪ್ಪನವರು ತಮ್ಮ ದೂರನ್ನು ಹೇಳಿದರು. ಗಿಳಿ ಒಂದಕ್ಷರ ಬಿಡದೆ ಆಚೆಯವರಿಗೆ ದಾಟಿಸಿತು.

“ಈಗ ಸರಿಯಾಗೇ ಐತಲ್ಲೋ,” ಎಂದಳು ಪಾರೋತಜ್ಜಿ. “ಭಾನುಮತಿ, ನೀನೇನಂತೀಯವ್ವಾ?”

ಭಾನಕ್ಕ ಎದ್ದು ನಿಂತಳು. ಇಸ್ತ್ರಿ ಮಾಡಿದ ಬಿಳಿ ಸೀರೆ, ಬೆರಳ ತುದಿಗಳಲ್ಲಿ ಹಳೆಯ ಸುಟ್ಟ ಗುರುತು. ಅವಳು ತನ್ನ ಮಾತಲ್ಲಿ ಹೇಳಿದಳು. ನನ್ನ ಕೈಯಲ್ಲಿದ್ದ ಗಿಳಿ ನಮ್ಮವರಿಗೆ ಹೇಳಿತು: “ಈಗ ರಿಪೇರಿ ಮಾಡಿದ್ದೀನಿ. ಆವತ್ತು ಒಳಗಡೆ ಒಂದು ಬೆಸುಗೆ ಬಿಟ್ಟಿತ್ತು. ನಾನು ನೋಡಿರಲಿಲ್ಲ. ಹುಡುಗಿಯದು ಏನೂ ಇಲ್ಲ. ತಪ್ಪು ನನ್ನದು.” ಸೊಂಟದ ಚೀಲದಿಂದ ಎಲೆಯ ಮೊಹರು ತೆಗೆದು ಪಾರೋತಜ್ಜಿಯ ಮುಂದೆ ಕಲ್ಲಿನ ಮೇಲಿಟ್ಟಳು. ಟಕ್ ಎಂದು ಸದ್ದಾಯಿತು.

ಅವಳು ಬೆಸುಗೆ ಬಿಡುವ ಕೈಯವಳಲ್ಲ. ನನಗಾಗಿ ಹೇಳಿದ ಸುಳ್ಳು ಅದು. ಅದನ್ನು ನಮ್ಮ ದಡಕ್ಕೆ ದಾಟಿಸಿದ್ದು ನನ್ನದೇ ಹೆಬ್ಬೆರಳು.

ಕೆಳಗಿನ ಗುಂಡಿ ಬೆರಳಡಿಯಲ್ಲೇ ಇತ್ತು. ಒತ್ತಿ ಹಿಡಿದರೆ ಆಟ ಬೀಳುತ್ತಿತ್ತು, ಮುಂದಿನ ಮಾತೆಲ್ಲ ನುಂಗಿದ ಮಾತಾಗುತ್ತಿತ್ತು, ಒಂದು ವಾರ ಸಿಗುತ್ತಿತ್ತು. ಬಾಯಿ ಬಿಡದೆ ಮಾಡಬಹುದಾದ ಕೆಲಸ. ಅದು ನನಗೆ ಚೆನ್ನಾಗಿ ಬರುತ್ತಿತ್ತು. ಜನರ ನಡುವೆ ಇಳಾ ನಿಂತಿದ್ದಳು, ತುಟಿ ಒಂದು ಪದದ ಮೇಲೆ ನಿಂತಿತ್ತು. ಅವಳು ಭಾನಕ್ಕನ ಪರವಾಗಿ ಏನೋ ಹೇಳಲು ತಟ್ಟುತ್ತಿದ್ದಾಳೆಂದು ನನಗೆ ತಿಳಿಯಿತು. ಪಾರೋತಜ್ಜಿ ಮೊಹರಿನ ಕಡೆ ಕೈ ಚಾಚಿದಳು.

“ಅಜ್ಜಿ,” ಎಂದೆ.

ಆಟ ಹಿಡಿದವಳು ಬಾಯಿ ಬಿಟ್ಟದ್ದಕ್ಕೆ ನಮ್ಮ ದಡದವರೆಲ್ಲ ಒಮ್ಮೆಗೇ ನನ್ನ ಕಡೆ ತಿರುಗಿದರು. ಆಚೆಯವರು ತಿರುಗಲಿಲ್ಲ, ಅವರಿಗೆ ಏನೂ ದಾಟಿರಲಿಲ್ಲ. ಗಿಳಿಯ ಕಣ್ಣು ಕೆಂಪಾಗಿತ್ತು. ಇಟ್ಟಿಗೆ ಬೀಳುತ್ತಿತ್ತು. ಬೆರಳು ತನ್ನ ಕೆಲಸ ಬಿಡಲಿಲ್ಲ. ಎಡಕ್ಕೆ ಒಂದು, ಬಲಕ್ಕೆ ಒಂದು, ಸಾಲು ತುಂಬಿ ಅಳಿಯಿತು. ಹೊಟ್ಟೆಯ ತಳದಿಂದ ಉಸಿರು ತೆಗೆದುಕೊಂಡೆ.

“ಗಿಳಿ ಕೆಟ್ಟಿರಲಿಲ್ಲ,” ಎಂದೆ.

ನನ್ನ ದನಿ ಅಷ್ಟು ದೊಡ್ಡದೆಂದು ನನಗೇ ಗೊತ್ತಿರಲಿಲ್ಲ. ಗಿಳಿ ಒಂದು ಗಳಿಗೆ ಕಾಯಿತು. ಅದರ ಕಣ್ಣು ಹಸಿರಾಯಿತು. ನನಗರ್ಥವಾಗದ ಮಾತಲ್ಲಿ ಅದು ನನ್ನ ಮಾತನ್ನು ಹೇಳಿತು. ಆಚೆದಡದ ತಲೆಗಳು ಒಂದೊಂದಾಗಿ ತಿರುಗಿದವು, ಎಲ್ಲಕ್ಕಿಂತ ಮೊದಲು ಭಾನಕ್ಕನದು. ಎಂಟು ತಿಂಗಳಲ್ಲಿ ನಾನು ಅವಳಿಗೆ ಹೇಳಿದ ಮೊದಲ ಮಾತು ಅದು. ಅವಳು ಬೇಡ ಎನ್ನುವಂತೆ ಕೈ ಎತ್ತಿದಳು. ನಾನು ಆಡುತ್ತಲೇ, ಅವಳನ್ನೇ ನೋಡುತ್ತ ಹೇಳಿದೆ:

“ಆವತ್ತು ಆಟ ಬೀಳಿಸಿದ್ದು ನಾನು. ಬೇಕೂಂತಲೇ ಬೀಳಿಸಿದೆ.”